ಬ್ರಿಜ್‌ಟೌನಿನ ಅಂಗಳ

ಭೂಪಟದಲ್ಲಿ ವೆಸ್ಟ್ ಇಂಡೀಸಿನ ದ್ವೀಪಗಳು ಒಂದು ಬಿಲ್ಲಿನಂತೆ ಬಾಗಿ ನಿಂತಿವೆ. ಆ ಬಿಲ್ಲಿನಿಂದ ಸಿಡಿದು ಪೂರ್ವದ ಕಡೆಗೆ, ಅಟ್ಲಾಂಟಿಕ್ ಸಾಗರದ ನಡುವೆ ಒಂಟಿಯಾಗಿ ಬಿದ್ದಿರುವ ಚುಕ್ಕೆಯೇ ಬಾರ್ಬಡೋಸ್. ನೆರೆಯ ದ್ವೀಪಗಳಲ್ಲಿ ಬಹುಪಾಲು ಜ್ವಾಲಾಮುಖಿಗಳಿಂದ ಹುಟ್ಟಿದವು. ಇದಾದರೋ ಹವಳದ ಹುಳುಗಳು ಯುಗಯುಗಾಂತರ ಕಟ್ಟಿದ ಸುಣ್ಣಕಲ್ಲಿನ ಹೊದಿಕೆಯನ್ನು ಹೊದ್ದ ನೆಲ. ಉದ್ದ ಸುಮಾರು 34 ಕಿಲೋಮೀಟರು, ಅಗಲ 23. ಇಂದಿನ ಬೆಂಗಳೂರು ನಗರವೇ ಇದಕ್ಕಿಂತ ವಿಸ್ತಾರವಾದುದು. ಜನಸಂಖ್ಯೆ ಮೂರು ಲಕ್ಷವನ್ನು ಮುಟ್ಟಿಲ್ಲ. ಶತಮಾನಗಳ ಕಾಲ ಕಬ್ಬನ್ನು ಬಿಟ್ಟರೆ ಇಲ್ಲಿ ಬೇರೆ ಬದುಕೇ ಇರಲಿಲ್ಲವೆನ್ನಬಹುದು. ಹಗಲೂ ಇರುಳೂ ಸಮುದ್ರದ ಮೇಲಿಂದ ವಾಣಿಜ್ಯ ಮಾರುತ ಬೀಸುತ್ತಲೇ ಇರುತ್ತದೆ.

ಈ ಅಂಗೈಯಗಲದ ನಾಡಿನಿಂದ ಬಂದವರು ವೆಸ್ಲಿ ಹಾಲ್, ಚಾರ್ಲಿ ಗ್ರಿಫಿತ್, ಜೋಯೆಲ್ ಗಾರ್ನರ್, ಮಾಲ್ಕಮ್ ಮಾರ್ಷಲ್, ವೇಯ್ನ್ ಡೇನಿಯಲ್, ಸಿಲ್ವೆಸ್ಟರ್ ಕ್ಲಾರ್ಕ್. ಇವರಲ್ಲಿ ಯಾರೊಬ್ಬರು ಬೇರೆ ದೇಶದಲ್ಲಿ ಹುಟ್ಟಿದ್ದರೂ ಆ ದೇಶ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿತ್ತು.

ಕ್ರಿಕೆಟ್ ಪ್ರೀತಿಯಿರುವ ಮನೆಗಳಲ್ಲಿ ರಾತ್ರಿಯ ಊಟವಾದ ಮೇಲೆ ಒಂದು ವಾದ ಏಳುವುದುಂಟು. ಬೌಲಿಂಗಿನ ಸುವರ್ಣಯುಗ ಯಾವುದು? ತಾತ ಪ್ರಸನ್ನ–ಚಂದ್ರಶೇಖರರ ಕಾಲವನ್ನು ಹೇಳುತ್ತಾರೆ, ತಂದೆ ಹೋಲ್ಡಿಂಗ್–ಮಾರ್ಷಲರನ್ನು, ಮಗ ಬುಮ್ರಾ ಹೆಸರೆತ್ತುತ್ತಾನೆ, ಬಡಿಸುತ್ತಿರುವ ತಾಯಿ ಕುಂಬ್ಳೆಯನ್ನು ಬಿಟ್ಟುಕೊಡುವುದಿಲ್ಲ. ಅಂಕಿ ಅಂಶಗಳ ಪುಸ್ತಕ ತೆರೆದರೆ ವಾದ ತಣ್ಣಗಾಗುವುದರ ಬದಲು ಇನ್ನಷ್ಟು ಕಾವೇರುತ್ತದೆ. ಇಂಥ ವಾದವನ್ನು ಕಾಗದದ ಮೇಲೆ ಬಗೆಹರಿಸುವುದಕ್ಕಿಂತ ನೆಲದ ಮೇಲೆ ನಿಂತು ನೋಡುವುದು ಲೇಸು. ಬಾರ್ಬಡೋಸಿನ ರಾಜಧಾನಿ ಬ್ರಿಜ್‌ಟೌನಿನಲ್ಲಿರುವ ಕೆನ್ಸಿಂಗ್ಟನ್ ಓವಲ್ ಅಂಗಳದಲ್ಲಿ ಬೌಲಿಂಗಿನ ಹೆಚ್ಚುಕಡಮೆ ಎಲ್ಲ ಯುಗಗಳೂ ಒಮ್ಮೊಮ್ಮೆ ಬಂದು ಹೆಜ್ಜೆಯೂರಿ ಹೋಗಿವೆ.

ಬಂದರಿನಿಂದ ಅಂಗಳ ಬಹು ದೂರವಿಲ್ಲ. ಹೊರಗೆ ಗಾರ್‌ಫೀಲ್ಡ್ ಸೋಬರ್ಸರ ಪ್ರತಿಮೆ. ಒಳಗೆ ಹೋದರೆ ಪ್ರೇಕ್ಷಕರ ಗ್ಯಾಲರಿಗಳಿಗೆಲ್ಲ ಈ ನೆಲದ ಮಕ್ಕಳ ಹೆಸರುಗಳು. ಒಂದು ಗ್ಯಾಲರಿ ಹಾಲ್ ಮತ್ತು ಗ್ರಿಫಿತ್ ಇಬ್ಬರದೂ ಜಂಟಿ ಹೆಸರನ್ನು ಹೊತ್ತಿದೆ. ಬೌಲಿಂಗ್ ಮಾಡುವ ಎರಡು ತುದಿಗಳಲ್ಲಿ ಒಂದು ಮಾಲ್ಕಮ್ ಮಾರ್ಷಲ್ ತುದಿ, ಇನ್ನೊಂದು ಜೋಯೆಲ್ ಗಾರ್ನರ್ ತುದಿ. ಕ್ರಿಕೆಟ್ ಲೋಕದಲ್ಲಿ ಸಾಮಾನ್ಯವಾಗಿ ದಾಂಡಿಗರಿಗೇ ಮರ್ಯಾದೆ ಹೆಚ್ಚು. ಇಲ್ಲಿ ಮಾತ್ರ ಚೆಂಡೆಸೆದವರ ಹೆಸರು ಹೇಳದೆ ಒಂದು ಓವರೂ ಆರಂಭವಾಗುವಂತಿಲ್ಲ.

ಈ ಹೆಸರುಗಳ ಹಿಂದೆ ಒಂದು ನೋವಿನ ಕಥೆಯಿದೆ. 1627ರಲ್ಲಿ ಇಂಗ್ಲಿಷರು ಇಲ್ಲಿ ನೆಲೆಯೂರಿದರು. ಕಬ್ಬಿನ ತೋಟಗಳಲ್ಲಿ ದುಡಿಯಲು ಆಫ್ರಿಕದಿಂದ ಗುಲಾಮರನ್ನು ಹಡಗುಗಳಲ್ಲಿ ತುಂಬಿ ತಂದರು. ಗುಲಾಮಗಿರಿ ರದ್ದಾದದ್ದು 1834ರಲ್ಲಿ. ಆಟ ಬೆಳೆದ ಮೊದಲ ದಿನಗಳಲ್ಲಿ ದಾಂಡು ಹಿಡಿಯುವುದು ಒಡೆಯನ ಕೆಲಸ; ಬಿಸಿಲಿನಲ್ಲಿ ಓಡಿ ಚೆಂಡೆಸೆಯುವುದು, ದೂರ ಹೋದ ಚೆಂಡನ್ನು ಹೆಕ್ಕಿ ತರುವುದು ಕರಿಯ ಆಳಿನ ಕೆಲಸ. 1882ರಿಂದ ಕೆನ್ಸಿಂಗ್ಟನ್ ಅಂಗಳವನ್ನು ನೆಲೆಯಾಗಿ ಮಾಡಿಕೊಂಡಿದ್ದ ಪಿಕ್‌ವಿಕ್ ಸಂಘವೂ ಬಿಳಿಯರದೇ. ಆಳುಗಳಿಗೆಂದು ಬಿಟ್ಟಿದ್ದ ಆ ದುಡಿಮೆಯೇ ಮುಂದೆ ಒಂದು ಜನಾಂಗದ ಅಭಿಮಾನವಾಗಿ ಬೆಳೆದದ್ದನ್ನು ನೆನೆದರೆ, ಎರಡು ತುದಿಗಳ ಆ ಹೆಸರುಗಳು ಬರಿಯ ಅಲಂಕಾರವಲ್ಲವೆಂಬುದು ತಿಳಿಯುತ್ತದೆ.

ವೆಸ್ಟ್ ಇಂಡೀಸಿನ ನೆಲದಲ್ಲಿ ನಡೆದ ಮೊತ್ತಮೊದಲ ಟೆಸ್ಟ್ ಪಂದ್ಯ, 1930ರ ಜನವರಿಯಲ್ಲಿ, ಇಲ್ಲಿಯೇ ನಡೆಯಿತು. ಆದರೆ ಯುಗಗಳನ್ನು ತೂಗುವವರು ಗಮನಿಸಬೇಕಾದುದು ಐದು ವರ್ಷಗಳ ತರುವಾಯದ ಪಂದ್ಯವನ್ನು. ಆಗ ಪಿಚ್ಚಿಗೆ ಹೊದಿಕೆಯಿಲ್ಲ. ಮಳೆ ಬಂದರೆ ನೆಲ ನೆನೆಯುತ್ತಿತ್ತು, ಬಿಸಿಲು ಬಿದ್ದಾಗ ಅಂಟುಗಟ್ಟುತ್ತಿತ್ತು, ಅದರ ಮೇಲೆ ಬಿದ್ದ ಚೆಂಡು ಹುಚ್ಚು ಕುದುರೆಯಂತೆ ನೆಗೆಯುತ್ತಿತ್ತು. 1935ರ ಜನವರಿಯಲ್ಲಿ ವೆಸ್ಟ್ ಇಂಡೀಸ್ 102ಕ್ಕೆ ಮುಗಿಯಿತು. ಇಂಗ್ಲೆಂಡ್ 7 ವಿಕೆಟಿಗೆ 81 ಮಾಡಿ, ಹಿಂದಿದ್ದರೂ ಸರದಿಯನ್ನು ತಾನಾಗಿಯೇ ಮುಗಿಸಿತು. ಅದೇ ಪಿಚ್ಚಿನ ಮೇಲೆ ಎದುರಾಳಿಗಳನ್ನು ಕೆಡಹುವ ಆತುರ ಅದಕ್ಕೆ. ವೆಸ್ಟ್ ಇಂಡೀಸೂ ಅದೇ ಲೆಕ್ಕಾಚಾರ ಹಾಕಿ 6 ವಿಕೆಟಿಗೆ 51 ಆದಾಗ ನಿಲ್ಲಿಸಿಬಿಟ್ಟಿತು. ಇಂಗ್ಲೆಂಡ್ 6 ವಿಕೆಟಿಗೆ 75 ಮಾಡಿ ಗೆದ್ದಿತು. ನಾಲ್ಕು ಸರದಿಗಳೂ ಸೇರಿ 309 ರನ್! ಇಂದಿನ ದಾಂಡಿಗರಲ್ಲಿ ಒಬ್ಬೊಬ್ಬರೇ ಅಷ್ಟನ್ನು ಹೊಡೆದ ನಿದರ್ಶನಗಳಿವೆ.

ಹಳೆಯ ಬೌಲರುಗಳ ಸರಾಸರಿಯನ್ನು ಓದುವಾಗ ಈ ಪಂದ್ಯ ನೆನಪಿನಲ್ಲಿರಬೇಕು. ಇಂಗ್ಲೆಂಡಿನ ಜಾರ್ಜ್ ಲೋಮನ್ 112 ವಿಕೆಟುಗಳನ್ನು ತಲಾ 10.75 ರನ್ನಿಗೆ ಕಿತ್ತರು. ಸಿಡ್ನಿ ಬಾರ್ನ್ಸ್ ಬರಿಯ 27 ಟೆಸ್ಟುಗಳಲ್ಲಿ 16.43ರ ಸರಾಸರಿಯಂತೆ 189 ವಿಕೆಟ್ ಪಡೆದರು. ಅವುಗಳಲ್ಲಿ 49 ದಕ್ಷಿಣ ಆಫ್ರಿಕದ ಚಾಪೆಯ ಪಿಚ್ಚುಗಳ ಮೇಲೆ, ನಾಲ್ಕೇ ಟೆಸ್ಟುಗಳಲ್ಲಿ. 1956ರಲ್ಲಿ ಮ್ಯಾಂಚೆಸ್ಟರಿನ ಪಿಚ್ಚಿನ ಮೇಲೆ ಜಿಮ್ ಲೇಕರ್ 90 ರನ್ನಿಗೆ 19 ವಿಕೆಟ್ ಉರುಳಿಸಿದರು. ಇವರೆಲ್ಲ ಮಹಾನುಭಾವರೇ, ಸಂದೇಹವಿಲ್ಲ. ಆದರೆ ಅವರ ತಂಡದಲ್ಲಿ ಹನ್ನೆರಡನೆಯ ಆಟಗಾರನೊಬ್ಬನಿದ್ದ. ಅವನ ಹೆಸರು ಮಳೆರಾಯ. ಅವನ ಪಾಲಿನ ವಿಕೆಟುಗಳು ಯಾವ ಪುಸ್ತಕದಲ್ಲೂ ಜಮೆಯಾಗಿಲ್ಲ.

ಒಣಗಿ ಬಿಗಿದ ದಿನಗಳಲ್ಲಿ ಇದೇ ಅಂಗಳ ಬೌಲರನ ಪಾಲಿಗೆ ನರಕ. 1958ರಲ್ಲಿ ಪಾಕಿಸ್ತಾನದ ಹನೀಫ್ ಮಹಮ್ಮದ್ ಇಲ್ಲಿ 970 ನಿಮಿಷ ಬೇರೂರಿ 337 ರನ್ ಮಾಡಿದರು. ಎಸೆದವರ ಹೆಗಲುಗಳ ಪಾಡನ್ನು ಹೇಳದಿರುವುದೇ ಮೇಲು. ಇಂಥ ಪಿಚ್ಚಿನ ಮೇಲೆ ಚೆಂಡು ಏಳಬೇಕಾದರೆ ಗಾಳಿಯಿಂದ, ಬೆನ್ನಿನಿಂದ, ಭುಜದಿಂದ ವೇಗವನ್ನು ಹಿಂಡಿ ತೆಗೆಯಲೇಬೇಕು.

ಹಾಗೆ ಹಿಂಡಿ ತೆಗೆದವರು ವೆಸ್ಲಿ ಹಾಲ್. ಮೊದಲು ಅವರು ಬೌಲರೇ ಆಗಿರಲಿಲ್ಲ, ವಿಕೆಟ್ ಕೀಪರಾಗಿದ್ದರು. ಬ್ರಿಜ್‌ಟೌನಿನ ತಂತಿ ಕಚೇರಿಯಲ್ಲಿ ಕೆಲಸದಲ್ಲಿದ್ದಾಗ, ಒಂದು ಪಂದ್ಯಕ್ಕೆ ಆರಂಭದ ಬೌಲರು ಬಾರದೆ ಹೋದುದರಿಂದ ಚೆಂಡು ಅವರ ಕೈಗೆ ಬಂದಿತು. ಕೊರಳಲ್ಲಿ ಶಿಲುಬೆಯ ಸರ ಹಾರಾಡುತ್ತಿರಲು ಅಂಗಳದ ಅಂಚಿನಿಂದ ಅವರು ಓಡಿಬರುವುದನ್ನು ನೋಡುವುದೇ ಒಂದು ಉತ್ಸವವಾಗಿತ್ತು. ಕಾಲಾಂತರದಲ್ಲಿ ಅವರು ಮಂತ್ರಿಯೂ ಆದರು, ಕ್ರೈಸ್ತ ಪಾದ್ರಿಯೂ ಆದರು. ಚಾರ್ಲಿ ಗ್ರಿಫಿತ್ ಅವರ ಜೊತೆಗಾರ.

ಭಾರತೀಯರ ಪಾಲಿಗೆ ಈ ಅಂಗಳದ ಹೆಸರು ಮರೆಯಲಾಗದಂತಾದದ್ದು 1962ರ ಮಾರ್ಚಿಯಲ್ಲಿ. ನಾರಿ ಕಾಂಟ್ರಾಕ್ಟರರ ನಾಯಕತ್ವದ ತಂಡ ಬಾರ್ಬಡೋಸ್ ತಂಡದೊಡನೆ ಆಡುತ್ತಿತ್ತು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ತರುಣ ಎರಪಳ್ಳಿ ಪ್ರಸನ್ನರೂ ಆ ಪ್ರವಾಸದಲ್ಲಿದ್ದರು. ಗ್ರಿಫಿತರ ಚೆಂಡೊಂದು ಕಾಂಟ್ರಾಕ್ಟರರ ತಲೆಗೆ ಬಡಿಯಿತು. ಅದೇ ಕ್ಷಣದಲ್ಲಿ ಎದುರಿನ ಪೆವಿಲಿಯನ್ನಿನಲ್ಲಿ ಯಾರೋ ಕಿಟಕಿ ತೆರೆದುದರಿಂದ ಗಮನ ಚೆದುರಿತೆಂದು ಅವರು ಮುಂದೆ ಹೇಳಿದರು. ತಲೆಬುರುಡೆ ಬಿರಿದಿತ್ತು. ಶಸ್ತ್ರಚಿಕಿತ್ಸೆಗೆ ರಕ್ತ ಬೇಕಾಯಿತು. ಭಾರತದ ಆಟಗಾರರು ಮುಂದೆ ಬಂದರು. ಅವರೊಡನೆ ಎದುರು ಪಾಳೆಯದ ಫ್ರಾಂಕ್ ವೊರೆಲ್ ಕೂಡ ತೋಳು ಚಾಚಿದರು. ವೆಸ್ಟ್ ಇಂಡೀಸ್ ತಂಡದ ಪೂರ್ಣಾವಧಿಯ ಮೊದಲ ಕರಿಯ ನಾಯಕನೆಂಬ ಕೀರ್ತಿ ಇದೇ ವೊರೆಲರದು. ಅವರ ನೆನಪಿಗಾಗಿ ಕಲ್ಕತ್ತೆಯಲ್ಲಿ ಪ್ರತಿವರ್ಷ ಫೆಬ್ರವರಿ 3ರಂದು ರಕ್ತದಾನ ನಡೆಯುತ್ತ ಬಂದಿದೆ.

ಅದೇ ಪಂದ್ಯದಲ್ಲಿ ಗ್ರಿಫಿತರ ಕೈ ಬಾಗುತ್ತಿದೆಯೆಂದು ಅಂಪೈರ್ ಕೋರ್ಟೆಜ್ ಜೋರ್ಡನ್ ಒಮ್ಮೆ ನೋಬಾಲ್ ಕೂಗಿದರು. ಆ ಅಪವಾದದ ನೆರಳು ಗ್ರಿಫಿತರನ್ನು ಕೊನೆಯವರೆಗೂ ಬಿಡಲಿಲ್ಲ. ಕಾಂಟ್ರಾಕ್ಟರ್ ಬದುಕಿ ಉಳಿದರು, ಸ್ವದೇಶದಲ್ಲಿ ಮತ್ತೆ ಆಡಿದರು ಸಹ. ಆದರೆ ಟೆಸ್ಟ್ ಪಂದ್ಯದ ಬಾಗಿಲು ಅವರಿಗೆ ಮುಚ್ಚಿತು. ತಲೆಯಲ್ಲಿ ಕೂರಿಸಿದ್ದ ಲೋಹದ ತಗಡನ್ನು ವೈದ್ಯರು ತೆಗೆದದ್ದು 2022ರಲ್ಲಿ, ಅರವತ್ತು ವರ್ಷಗಳ ತರುವಾಯ. ವೇಗದ ಬೌಲಿಂಗನ್ನು ಹಾಡಿ ಹೊಗಳುವವರು ಆ ತಗಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವಾರ ಕಳೆಯುವುದರೊಳಗೆ ಅದೇ ಅಂಗಳದಲ್ಲಿ ಟೆಸ್ಟ್ ಪಂದ್ಯ. ಇಪ್ಪತ್ತೊಂದರ ಹರೆಯದ ಪಟೌಡಿ ನವಾಬರು ನಾಯಕರಾದರು. ಹಾಲ್ ನುಂಗಿಹಾಕುತ್ತಾರೆಂದು ಎಲ್ಲರೂ ನಿರೀಕ್ಷಿಸಿದ್ದರೆ, ನುಂಗಿದವರು ಗಯಾನದ ತೆಳ್ಳನೆಯ ಆಫ್ ಸ್ಪಿನ್ನರ್ ಲಾನ್ಸ್ ಗಿಬ್ಸ್. ಭಾರತ 2 ವಿಕೆಟಿಗೆ 158 ಮಾಡಿ ನೆಮ್ಮದಿಯಾಗಿ ನಿಂತಿತ್ತು. ಆಗ ಗಿಬ್ಸ್ 15.3 ಓವರುಗಳಲ್ಲಿ 14 ಮೇಡನ್ ಹಾಕಿ, 6 ರನ್ ಕೊಟ್ಟು, ಎಂಟು ವಿಕೆಟುಗಳನ್ನು ಕಿತ್ತರು. ತಂಡ 187ಕ್ಕೆ ನೆಲಕಚ್ಚಿತು. ವೇಗಿಗಳ ಕೋಟೆಯಲ್ಲಿ ಸ್ಪಿನ್ನಿಗೆ ಸ್ಥಳವಿಲ್ಲವೆಂಬ ಮಾತು ಸುಳ್ಳು.

ಆ ಮಾತು ನಿಜವೆನ್ನಿಸಿದ್ದು ಭಾರತದ ದಾಂಡಿಗರಿಂದ. ಅದಕ್ಕೆ ಮೊದಲು ನಮ್ಮ ನಾಲ್ವರನ್ನು ನೆನೆಯಬೇಕು. ಪ್ರಸನ್ನ, ಬೇಡಿ, ಚಂದ್ರಶೇಖರ್, ವೆಂಕಟರಾಘವನ್ ಒಟ್ಟಾರೆ 853 ಟೆಸ್ಟ್ ವಿಕೆಟುಗಳನ್ನು ಪಡೆದರು. ಅವರಲ್ಲಿ ಇಬ್ಬರು ನಮ್ಮ ನಾಡಿನವರು. ಬಾಲ್ಯದಲ್ಲಿ ಪೋಲಿಯೋ ತಗಲಿ ಸೊರಗಿದ ಬಲಗೈಯಿಂದಲೇ ಚಂದ್ರಶೇಖರ್ 1971ರಲ್ಲಿ ಲಂಡನ್ನಿನ ಓವಲ್ ಅಂಗಳದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು ಕೆಡಹಿದರು. 1974ರಲ್ಲಿ ಬೆಂಗಳೂರಿನ ಮೊದಲ ಟೆಸ್ಟ್ ನಡೆದಾಗ ವಿವಿಯನ್ ರಿಚರ್ಡ್ಸರ ಮೊದಲ ಟೆಸ್ಟೂ ಅದೇ. ಚಂದ್ರಶೇಖರ್ ಅವರನ್ನು ಎರಡು ಸರದಿಯಲ್ಲೂ ಒಂದಂಕಿಗೇ ಕಳುಹಿಸಿದರು. ಬೌಲರ್ ತನ್ನ ಬುದ್ಧಿಯಿಂದ ದಾಂಡಿಗನನ್ನು ಕೆಡಹಿದ ಕಾಲವೆಂದು ಹೆಸರಿಸುವುದಾದರೆ ಈ ನಾಲ್ವರ ಕಾಲಕ್ಕೇ ಆ ಹೆಸರು ಸಲ್ಲಬೇಕು. ಆದರೆ ಅವರಿಗೆ ಸರದಿಯನ್ನು ಆರಂಭಿಸಿಕೊಡುವ ವೇಗಿಗಳಿರಲಿಲ್ಲ. ಹೊಸ ಚೆಂಡಿನ ಹೊಳಪನ್ನು ಅಳಿಸುವುದೇ ಆರಂಭದ ಬೌಲರುಗಳ ಕರ್ತವ್ಯವಾಗಿತ್ತು.

1976ರ ಏಪ್ರಿಲಿನಲ್ಲಿ, ಬಾರ್ಬಡೋಸಿಗೆ ದಕ್ಷಿಣದಲ್ಲಿರುವ ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನಿನಲ್ಲಿ, ಕ್ಲೈವ್ ಲಾಯ್ಡ್ ಮೂವರು ಸ್ಪಿನ್ನರುಗಳನ್ನು ನಂಬಿ ಭಾರತಕ್ಕೆ 403 ರನ್ನುಗಳ ಗುರಿಯಿಟ್ಟರು. ಗಾವಸ್ಕರ್ 102, ಮೊಹಿಂದರ್ 85, ಭದ್ರಾವತಿಯ ವಿಶ್ವನಾಥ್ 112. ಭಾರತ 4 ವಿಕೆಟಿಗೆ 406 ಮಾಡಿ ಗೆದ್ದಿತು. ಭಾರತದ ಮನೆಮನೆಗಳಲ್ಲಿ ಸಂತೋಷ ಉಕ್ಕಿದ ಆ ದಿನವೇ ಇನ್ನೊಂದು ಯುಗದ ಗರ್ಭಧಾರಣೆಯೂ ಆಯಿತೆಂದು ಆಗ ಯಾರು ತಾನೇ ಎಣಿಸಿದ್ದರು? ಅದಕ್ಕೆ ಮೊದಲೇ ಆಸ್ಟ್ರೇಲಿಯದಲ್ಲಿ ಲಿಲಿ–ಥಾಮ್ಸನ್ ಜೋಡಿಯ ಕೈಯಲ್ಲಿ 5–1ರ ಪೆಟ್ಟು ತಿಂದು ಬಂದಿದ್ದ ಲಾಯ್ಡರಿಗೆ ಈ ಸೋಲಿನೊಡನೆ ದಾರಿ ನಿಚ್ಚಳವಾಯಿತು. ಮುಂದಿನ ಟೆಸ್ಟ್ ಜಮೈಕದ ಕಿಂಗ್‌ಸ್ಟನ್ನಿನಲ್ಲಿ. ನಾಲ್ವರು ವೇಗಿಗಳು. ಗಾಯಕ್ವಾಡರ ಕಿವಿಗೆ, ಬ್ರಿಜೇಶ್ ಪಟೇಲರ ಬಾಯಿಗೆ, ವಿಶ್ವನಾಥರ ಬೆರಳಿಗೆ ಪೆಟ್ಟು. ಎರಡನೆಯ ಸರದಿ 5 ವಿಕೆಟಿಗೆ 97 ಎಂದು ಮುಗಿಯಿತು; ಉಳಿದ ಐವರು ಗಾಯಾಳುಗಳು, ಆಡಲು ಬರುವ ಸ್ಥಿತಿಯಲ್ಲಿರಲಿಲ್ಲ.

ಆ ಯುಗ ಬ್ರಿಜ್‌ಟೌನಿಗೆ ಬರಲು ತಡವಾಗಲಿಲ್ಲ. 1977ರ ಫೆಬ್ರವರಿಯಲ್ಲಿ ಆರಡಿ ಎಂಟಂಗುಲದ ಗಾರ್ನರ್ ಮತ್ತು ಗಯಾನದ ಕಾಲಿನ್ ಕ್ರಾಫ್ಟ್ ಇಬ್ಬರೂ ಒಟ್ಟಿಗೇ ಇಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದರು. ಮರುವರ್ಷದ ಮಾರ್ಚಿಯಲ್ಲಿ ಆಸ್ಟ್ರೇಲಿಯದ ಗ್ರಹಾಂ ಯಾಲಪ್ ತಲೆಗೆ ಹೆಲ್ಮೆಟ್ ಧರಿಸಿ ಅಂಗಳಕ್ಕಿಳಿದರು. ಟೆಸ್ಟ್ ಪಂದ್ಯದಲ್ಲಿ ಹೆಲ್ಮೆಟ್ ಕಂಡದ್ದು ಅದೇ ಮೊದಲು. ಪ್ರೇಕ್ಷಕರು ಕೂಗಿ ಗೇಲಿ ಮಾಡಿದರಂತೆ. ಕಾಂಟ್ರಾಕ್ಟರರ ತಲೆ ಬಿರಿದ ಅಂಗಳವೂ ಅದೇ, ಹದಿನಾರು ವರ್ಷಗಳ ಬಳಿಕ ತಲೆಗೆ ಕವಚ ಬಂದ ಅಂಗಳವೂ ಅದೇ. ಗೇಲಿ ಮಾಡಿದವರಲ್ಲಿ 1962ರ ಆ ಪಂದ್ಯವನ್ನು ಕಂಡವರೂ ಇದ್ದಿರಬಹುದು.

1981ರಲ್ಲಿ ಮೈಕೇಲ್ ಹೋಲ್ಡಿಂಗ್ ಇಲ್ಲಿ ಇಂಗ್ಲೆಂಡಿನ ಜೆಫ್ರಿ ಬಾಯ್ಕಾಟರಿಗೆ ಎಸೆದ ಒಂದು ಓವರನ್ನು ಇಂದಿಗೂ ಜನ ಕಥೆಯಂತೆ ಹೇಳುತ್ತಾರೆ. ಆರು ಚೆಂಡುಗಳು. ಒಂದಕ್ಕಿಂತ ಒಂದು ವೇಗ. ಹೋಲ್ಡಿಂಗರ ಓಟದಲ್ಲಿ ಹೆಜ್ಜೆಯ ಸಪ್ಪಳವೇ ಕೇಳುತ್ತಿರಲಿಲ್ಲವೆಂದು ಅಂಪೈರುಗಳು ಹೇಳುತ್ತಿದ್ದರು. ಐದು ಚೆಂಡುಗಳಿಗೆ ಬಾಯ್ಕಾಟ್ ಹೇಗೋ ದಾಂಡನ್ನೋ ಕೈಯನ್ನೋ ಒಡ್ಡಿ ಉಳಿದುಕೊಂಡರು. ಆರನೆಯದು ಆಫ್ ಗೂಟವನ್ನು ಬುಡಸಹಿತ ಕಿತ್ತೆಸೆಯಿತು. ಜಗತ್ತಿನಲ್ಲಿ ರಕ್ಷಣೆಯ ಆಟಕ್ಕೆ ಹೆಸರಾದ ದಾಂಡಿಗನ ಗತಿ ಅದು. ಅವರನ್ನು ದಾಟಿದವರಿಗೂ ಬಿಡುವಿಲ್ಲ. ಹೋಲ್ಡಿಂಗ್ ದಣಿದರೆ ಕ್ರಾಫ್ಟ್, ರಾಬರ್ಟ್ಸ್ ದಣಿದರೆ ಗಾರ್ನರ್. ಹಳೆಯ ಕಾಲದಲ್ಲಿ ಜೋಡಿಯೊಂದು ಬಳಲಿದರೆ ದಾಂಡಿಗ ಉಸಿರೆಳೆದುಕೊಳ್ಳುತ್ತಿದ್ದ. ಆ ಉಸಿರನ್ನೇ ಲಾಯ್ಡ್ ಕಸಿದುಕೊಂಡರು.

ಈ ನಾಲ್ವರ ಬಳಿಕ ಬಂದ ಮಾರ್ಷಲ್ ಎತ್ತರದವರಲ್ಲ. ಆರಡಿಗೂ ಒಂದಂಗುಲ ಕಡಮೆ. ವೇಗದೊಂದಿಗೆ ಬುದ್ಧಿ ಸೇರಿದಾಗ ಏನಾಗುವುದೆಂಬುದಕ್ಕೆ ಅವರೇ ಸಾಕ್ಷಿ. 1983–84ರಲ್ಲಿ ಭಾರತದ ಸಪ್ಪೆ ಪಿಚ್ಚುಗಳ ಮೇಲೆ ಆರು ಟೆಸ್ಟುಗಳಲ್ಲಿ 33 ವಿಕೆಟ್; ಕಾನ್ಪುರದಲ್ಲಿ ಅವರ ಚೆಂಡಿಗೆ ಗಾವಸ್ಕರರ ಕೈಯಿಂದ ದಾಂಡೇ ಹಾರಿಹೋಯಿತು. 1984ರಲ್ಲಿ ಲೀಡ್ಸಿನಲ್ಲಿ ಎಡಗೈ ಹೆಬ್ಬೆರಳು ಮುರಿದು ಪಟ್ಟಿ ಕಟ್ಟಿಸಿಕೊಂಡಿದ್ದರೂ 53 ರನ್ನಿಗೆ 7 ವಿಕೆಟ್ ಪಡೆದರು. ಒಟ್ಟು 376 ವಿಕೆಟ್, ಸರಾಸರಿ 20.94. ಇದು ಬಹುಮಟ್ಟಿಗೆ ಹೊದಿಕೆ ಕಂಡ ಪಿಚ್ಚುಗಳ ಕಾಲದ ಲೆಕ್ಕ. ಮಳೆರಾಯನ ಪಾಲು ಇದರಲ್ಲಿ ಅತ್ಯಲ್ಪ. ಬಾರ್ನ್ಸರ ಹದಿನಾರಕ್ಕಿಂತ ಮಾರ್ಷಲರ ಇಪ್ಪತ್ತು ಭಾರವಾಗಿ ತೂಗುವುದು ಈ ಕಾರಣದಿಂದ. 1980ರಿಂದ 1995ರವರೆಗೆ ವೆಸ್ಟ್ ಇಂಡೀಸ್ ಒಂದು ಟೆಸ್ಟ್ ಸರಣಿಯನ್ನೂ ಸೋಲಲಿಲ್ಲ. ಬ್ರಿಜ್‌ಟೌನಿನಲ್ಲಂತೂ 1935ರ ಮಳೆಯ ಪಂದ್ಯ ಸೋತ ಮೇಲೆ 1994ರವರೆಗೆ ಸೋಲೆಂಬುದೇ ಇಲ್ಲ.

ಆಕ್ಷೇಪಗಳಿಲ್ಲವೆಂದಲ್ಲ. ದಿನಕ್ಕೆ ಎಸೆಯುವ ಓವರುಗಳು ಕಡಮೆಯಾದವು. ಸ್ಪಿನ್ ಕಲೆ ಆ ದ್ವೀಪಗಳಲ್ಲಿ ಬಡವಾಯಿತು. ಎದೆಗೂ ತಲೆಗೂ ಗುರಿಯಿಟ್ಟ ಚೆಂಡುಗಳು ಆಟದ ಸೊಗಸನ್ನು ಕೆಡಿಸಿದವೆಂದು ಹಲವರು ದೂರಿದರು. 1991ರಲ್ಲಿ ಓವರಿಗೆ ಒಬ್ಬ ದಾಂಡಿಗನಿಗೆ ಒಂದೇ ಬೌನ್ಸರ್ ಎಂಬ ನಿಯಮ ಬಂದಿತು. ದೂರಿನಲ್ಲಿ ಹುರುಳಿದೆ. ಆದರೆ ಹಿಂದೆ ಬಿಳಿಯ ಬೌಲರುಗಳು ಅದೇ ಅಸ್ತ್ರವನ್ನು ಹಿಡಿದಾಗ ಅದನ್ನು ಶೌರ್ಯವೆಂದು ಹೊಗಳಿದವರೂ ದೂರುವವರ ಸಾಲಿನಲ್ಲಿದ್ದರು.

ಆ ಯುಗದ ಒಂದು ವಿಚಿತ್ರ ದೃಶ್ಯ 1992ರ ಏಪ್ರಿಲಿನದು. ವರ್ಣದ್ವೇಷದ ಕಾರಣ ಹೊರಗಿಡಲಾಗಿದ್ದ ದಕ್ಷಿಣ ಆಫ್ರಿಕ ಮರಳಿ ಆಡಿದ ಮೊದಲ ಟೆಸ್ಟ್ ಇಲ್ಲಿ ನಡೆಯಿತು. ಇಂಥ ಚಾರಿತ್ರಿಕ ಪಂದ್ಯಕ್ಕೆ ಗ್ಯಾಲರಿಗಳು ಬರಿದು! ಸ್ಥಳೀಯ ಬೌಲರ್ ಆಂಡರ್ಸನ್ ಕಮಿನ್ಸರನ್ನು ತಂಡಕ್ಕೆ ಸೇರಿಸಲಿಲ್ಲವೆಂದು ಊರ ಜನ ಬಹಿಷ್ಕಾರ ಹಾಕಿದ್ದರು. ದಕ್ಷಿಣ ಆಫ್ರಿಕ ಗೆಲ್ಲಲು 201 ಬೇಕಿದ್ದು 2 ವಿಕೆಟಿಗೆ 122ರವರೆಗೆ ಬಂದಿತ್ತು. ಕೊನೆಯ ದಿನ ಕರ್ಟ್ಲಿ ಆಂಬ್ರೋಸ್ 6, ಕರ್ಟ್ನಿ ವಾಲ್ಶ್ 4. ತಂಡ 148ಕ್ಕೆ ಮುಗಿಯಿತು. ಚಪ್ಪಾಳೆ ತಟ್ಟಲು ಬೆರಳೆಣಿಕೆಯ ಜನರಷ್ಟೇ ಇದ್ದರು.

ಇಡೀ ಜಗತ್ತನ್ನು ಒಟ್ಟಿಗೆ ನೋಡುವುದಾದರೆ ತೊಂಬತ್ತರ ದಶಕವೇ ಶ್ರೀಮಂತ. ಒಂದೇ ಕಾಲದಲ್ಲಿ ಆಂಬ್ರೋಸ್, ವಾಲ್ಶ್, ವಾಸಿಂ, ವಕಾರ್, ಡೊನಾಲ್ಡ್, ಮೆಕ್‌ಗ್ರಾ. ಅವರ ಪಕ್ಕದಲ್ಲಿ ವಾರ್ನ್, ಮುರಳೀಧರನ್ ಮತ್ತು ನಮ್ಮ ಕುಂಬ್ಳೆ. ಒಂದೊಂದು ದೇಶಕ್ಕೆ ಹೋದರೂ ದಾಂಡಿಗನಿಗೆ ಒಂದೊಂದು ಹೊಸ ಪರೀಕ್ಷೆ. ತಾಯಿಯ ವಾದಕ್ಕೆ ಹೆಚ್ಚು ಬಲ ಇಲ್ಲಿದೆ. ಆದರೆ ಅದು ಹಲವು ಅಂಗಡಿಗಳ ಸಂತೆ. ಒಂದೇ ತಂಡ, ಒಂದೇ ಸಂಕಲ್ಪ, ಹದಿನೈದು ವರ್ಷ ಎಡೆಬಿಡದ ಆಳ್ವಿಕೆ, ಇದನ್ನು ಕೇಳಿದರೆ ಹೋಲ್ಡಿಂಗ್–ಮಾರ್ಷಲರ ಕಾಲಕ್ಕೆ ಸಾಟಿಯಿಲ್ಲ. ತಂದೆಯ ಮಾತನ್ನು ಒಪ್ಪಬೇಕಾಗುತ್ತದೆ.

ಆ ಆಳ್ವಿಕೆಯ ಇಳಿಗಾಲದಲ್ಲೂ ಅಂಗಳ ತನ್ನ ಹಲ್ಲನ್ನು ತೋರಿಸಿತು. 1997ರಲ್ಲಿ ಭಾರತ ಇಲ್ಲಿ ಗೆಲ್ಲಲು 120 ರನ್ ಸಾಕಿತ್ತು. ಮೊದಲ ಸರದಿಯಲ್ಲಿ ವೆಂಕಟೇಶ್ ಪ್ರಸಾದ್ ಐದು ವಿಕೆಟ್ ಪಡೆದಿದ್ದರು, ನಾಯಕ ತೆಂಡೂಲ್ಕರ್ 92, ದ್ರಾವಿಡ್ 78 ಮಾಡಿದ್ದರು. ಎರಡನೆಯ ಸರದಿಯಲ್ಲಿ ತಂಡವೆಲ್ಲ 81ಕ್ಕೆ ಆಲೌಟ್. ಆ ದ್ರಾವಿಡರೇ 2024ರ ಜೂನ್ 29ರಂದು ತರಬೇತುದಾರರಾಗಿ ಇದೇ ಅಂಗಳದಲ್ಲಿ ಟಿ–20 ವಿಶ್ವಕಪ್ಪನ್ನು ಎತ್ತಿ ಹಿಡಿದು ಕೂಗಿದ್ದನ್ನು ಕಂಡವರು ಅವರನ್ನು ಹಾಗೆ ಹಿಂದೆಂದೂ ಕಂಡಿರಲಿಲ್ಲ. ಅಂದು ಬುಮ್ರಾ ನಾಲ್ಕು ಓವರುಗಳಲ್ಲಿ 18 ರನ್ ಕೊಟ್ಟು ಎರಡು ವಿಕೆಟ್ ಪಡೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟೆಸ್ಟಿನಲ್ಲಿ 200 ವಿಕೆಟ್ ಮುಟ್ಟಿದಾಗ ಸರಾಸರಿ ಇಪ್ಪತ್ತಕ್ಕಿಂತ ಕೆಳಗಿತ್ತು. ಹಾಗೆ ಮುಟ್ಟಿದವರು ಅವರಿಗೆ ಮುಂಚೆ ಯಾರೂ ಇಲ್ಲ. ಮಗನ ವಾದವನ್ನೂ ತಳ್ಳಿಹಾಕುವಂತಿಲ್ಲ.

ಬಾರ್ಬಡೋಸಿನ ಮಣ್ಣು ಬಂಜೆಯಾಗಿಲ್ಲ. 2019ರಲ್ಲಿ ಈ ದ್ವೀಪದ ಕೆಮಾರ್ ರೋಚ್ ಇಲ್ಲಿ 17 ರನ್ನಿಗೆ ಐದು ವಿಕೆಟ್ ಕಿತ್ತು ಇಂಗ್ಲೆಂಡನ್ನು 77ಕ್ಕೆ ಮುಗಿಸಿದರು. ಆದರೆ ಬ್ರಿಜ್‌ಟೌನಿನಲ್ಲೇ ಹುಟ್ಟಿದ ಜೋಫ್ರಾ ಆರ್ಚರ್ ಅದೇ ವರ್ಷ ಟೆಸ್ಟಿಗೆ ಕಾಲಿಟ್ಟದ್ದು ಇಂಗ್ಲೆಂಡಿನ ಪರವಾಗಿ. ಸಕ್ಕರೆಯ ಮೂಟೆಗಳು ಹಡಗೇರಿ ಹೋದ ದಾರಿಯಲ್ಲೇ ಈಗ ವೇಗವೂ ಹೊರಟಿದೆಯೆಂದು ದ್ವೀಪದ ಹಿರಿಯರು ನೊಂದುಕೊಂಡರೆ ಅವರನ್ನು ಆಕ್ಷೇಪಿಸುವುದು ಹೇಗೆ?

ಮಾಲ್ಕಮ್ ಮಾರ್ಷಲ್ 1999ರ ನವೆಂಬರ್ 4ರಂದು ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು, ವಯಸ್ಸು ನಲವತ್ತೊಂದು. ಅವರ ಸಮಾಧಿ ದ್ವೀಪದ ದಕ್ಷಿಣ ಭಾಗದ ಸೇಂಟ್ ಬಾರ್ತಲೋಮ್ಯೂ ಚರ್ಚಿನ ಆವರಣದಲ್ಲಿದೆ. ವಿಮಾನ ನಿಲ್ದಾಣ ಅಲ್ಲಿಗೆ ಹತ್ತಿರ. ಬಾರ್ಬಡೋಸಿನಲ್ಲಿ ಆಡಲು ಬರುವ ದಾಂಡಿಗರೆಲ್ಲರೂ ಮೊದಲು ಇಳಿಯುವುದು ಆ ಬದಿಯಲ್ಲಿಯೇ.